ಕಾಕಾ ಕಟ್ಟಿದ ಒಡ್ಡು

ನೀರಿನ ಮೇಲೆ ಹಗೆ ಸಾಧಿಸುವ ಮನುಷ್ಯನನ್ನು ನೀವು ನೋಡಿದ್ದೀರಾ? ನಲ್ಲಿಯಲ್ಲಿ ನೀರು ಯಾವಾಗ ಬಂದೀತೆಂದು ಹುಬ್ಬಳ್ಳಿಯ ಮಂದಿಯೆಲ್ಲ ಕೊಡ ಹಿಡಿದು ಕಾಯುತ್ತಿದ್ದರೆ, ನಮ್ಮ ಕಾಕಾ ಒಬ್ಬರು ಮಾತ್ರ ಸಲಿಕೆ ಹಿಡಿದು ಅದನ್ನು ಓಡಿಸಲು ನಿಂತಿರುತ್ತಿದ್ದರು! ನಗುತ್ತಲೇ ಹೇಳಬೇಕೆಂದು ಕುಳಿತಿದ್ದೇನೆ. ಆದರೆ ಹೊರಗೆ ಮೋಡ ಕವಿದಿದೆ.

ಕಾಕಾ, ನನ್ನ ಅಪ್ಪನ ತಮ್ಮ, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಗೋಪನಕೊಪ್ಪದ ಆಚೆ, ಹಿಂದೊಮ್ಮೆ ಕೆರೆಯ ಅಂಗಳವಾಗಿದ್ದ ತಗ್ಗಿನಲ್ಲಿ ಮನೆ ಕಟ್ಟಿಸಿದರು. ಭೂಗೋಳದ ಮಾಸ್ತರರಿಗೆ ಅದು ತಗ್ಗೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. "ಹಾಲೆಂಡಿನ ಮಂದಿ ಸಮುದ್ರಾನ ಹಿಂದಕ್ಕ ನೂಕ್ಯಾರ. ನನಗ ಒಂದು ಸತ್ತ ಕೆರಿ ಆಗೂದಿಲ್ಲೇನು?" ಎಂದು ನಮ್ಮೆಲ್ಲರ ಬಾಯಿ ಮುಚ್ಚಿಸಿದರು. ಕೆರೆ ಸತ್ತಿರಲಿಲ್ಲ, ಮಲಗಿತ್ತು ಅಷ್ಟೆ.

ಮೊದಲ ವರ್ಷ ನಾಲ್ಕೂ ಕಡೆ ಎರೆಮಣ್ಣಿನ ಒಡ್ಡು ಹಾಕಿಸಿದರು. ಒಡ್ಡು ಹಾಕುವುದು ನಮ್ಮ ಮನೆತನದ ವಿದ್ಯೆ. ಅಜ್ಜ ಹೊಲಕ್ಕೆ ಹಾಕುತ್ತಿದ್ದರು, ಮಳೆಯ ಒಂದು ಹನಿಯೂ ಹೊಲ ಬಿಟ್ಟು ಹೋಗಬಾರದೆಂದು! ಕಾಕಾರ ಒಡ್ಡೂ ಅದೇ ನಿಯತ್ತಿನಿಂದ ಕೆಲಸ ಮಾಡಿತು. ಹೊರಗಿನ ನೀರು ಒಳಗೆ ಬರಲಿಲ್ಲ. ಅಂಗಳದಲ್ಲಿ ಬಿದ್ದ ಮಳೆ ಹೊರಗೂ ಹೋಗಲಿಲ್ಲ. ಹದಿನೈದು ದಿನ ಕಾಕಾ ಇಟ್ಟಿಗೆಗಳ ಮೇಲೆ ಕುಪ್ಪಳಿಸುತ್ತ ಗೇಟಿಗೆ ಹೋಗಿ ಪೇಪರ್ ತಂದರು.

ಎರಡನೆಯ ವರ್ಷ ಒಡ್ಡಿನ ಬುಡದಲ್ಲಿ ಆಳುದ್ದದ ಹೊಂಡ ತೋಡಿಸಿ, ಅಂಗಳದ ನೀರೆಲ್ಲ ಕಾಲುವೆಯಲ್ಲಿ ಅಲ್ಲಿಗೆ ಹರಿಯುವಂತೆ ಮಾಡಿ, ಪಂಪಿನಿಂದ ಓಣಿಗೆ ಎತ್ತಿ ಹಾಕಿದರು. ಓಣಿಯ ನೀರು ಎಲ್ಲಿಗೆ ಹೋಗಬೇಕು? ಎದುರು ಮನೆಗೆ! ಅಲ್ಲಿದ್ದವರು ಅಕ್ಕಾರು, ಕಾಕಾರ ಶಾಲೆಯಲ್ಲೇ ಗಣಿತ ಕಲಿಸಿದ ಶಿಕ್ಷಕಿ.

"ಮಾಸ್ತರ, ನಿಮ್ಮ ಹಾಲೆಂಡು ನಮ್ಮ ಅಡಗಿಮನಿಗೆ ಬಂದೈತ್ರಿ."

"ನಿಮ್ಮ ಅಡ್ರೆಸ್ ನಾ ಏನ್ ಕೊಟ್ಟಿಲ್ಲರಿ ಅಕ್ಕಾರ."

"ನಿಮ್ಮನ್ಯಾಗಿಂದು ಕಳದು ನಮ್ಮನ್ಯಾಗ ಕೂಡಿಸಿದ್ರ ನೀರೇನು ಕಡಿಮಿ ಆತ್ರಿ?"

ಅಕ್ಕಾರು ಹೀಗೆ ಲೆಕ್ಕ ಹೇಳಿದಾಗಲೆಲ್ಲ ಕಾಕಾ ಒಡ್ಡನ್ನು ಇನ್ನೊಂದು ಗೇಣು ಏರಿಸುತ್ತಿದ್ದರು.

ಹೋದ ಮಳೆಗಾಲದ ಆ ಮಧ್ಯಾಹ್ನ ನಾನು ಅಲ್ಲಿಯೇ ಇದ್ದೆ. ಎರಡು ತಾಸು ಮಳೆ ಜಪ್ಪಿತು. ಕರೆಂಟು ಹೋಗಿ ಪಂಪು ನಿಂತಿತು. ಓಣಿಯಲ್ಲಿ ಸೊಂಟದಷ್ಟು ನೀರು ಸುಳಿ ತಿರುಗುತ್ತಿತ್ತು; ದಾಟುವ ಮಾತೇ ಇರಲಿಲ್ಲ. ಒಡ್ಡಿನೊಳಗೆ ಹೊಂಡ ಇನ್ನೂ ಅರ್ಧ ಖಾಲಿಯಿತ್ತು; ಇಡೀ ಓಣಿಯಲ್ಲಿ ನಮ್ಮ ಹೊಸ್ತಿಲು ಮಾತ್ರ ಮುಳುಗದೆ ಉಳಿದಿತ್ತು. ಕಾಕಾ ಗೆದ್ದಿದ್ದರು. ಆಗ ಎದುರು ಮನೆಯ ಕಿಟಕಿಯಿಂದ ದನಿ ಬಂತು: "ಮಾಸ್ತರ, ಮಂಚಕ್ಕ ನೀರು ಹತ್ತಾಕತ್ತೈತ್ರಿ."

ಅಕ್ಕಾರ ಕಾಲು ಮುರಿದು ಪ್ಲಾಸ್ಟರಿನಲ್ಲಿತ್ತು. ಅವರು ಏಳುವಂತಿರಲಿಲ್ಲ.

ಕಾಕಾ ಸಲಿಕೆ ಎತ್ತಿಕೊಂಡು ಒಡ್ಡು ಹತ್ತಿದರು.

"ಕಾಕಾ, ಒಡ್ಡು ಕಡದ್ರ ನಮ್ಮ ಮನಿ ಹೋಗತೈತಿ."

"ಗೊತ್ತೈತಿ. ನೀ ಹಿಂದ ಸರಿ."

ವರ್ಷಗಟ್ಟಲೆ ಏರಿಸಿದ ಒಡ್ಡಿಗೆ ನಾಲ್ಕು ಏಟು ಸಾಕಾಯಿತು. ಐದನೆಯದಕ್ಕೆ ನೆನೆದ ಎರೆಮಣ್ಣು ಬೆಲ್ಲದಂತೆ ಕರಗಿ, ಕಾಕಾರ ಸಮೇತ ಒಳಕ್ಕೆ ಕುಸಿಯಿತು. ಓಣಿಯ ನೀರು ಅವರ ಮೇಲೆ ಹಾಯ್ದು ಆ ಹೊಂಡಕ್ಕೆ ಧುಮುಕಿತು. ನಾನು ಉಳಿದ ಒಡ್ಡಿನ ಮೇಲೆ ಬೋರಲು ಬಿದ್ದು ಕೈ ಚಾಚಿದೆ. ಸಿಕ್ಕಿದ್ದು ಅಂಗಿಯ ಕಾಲರು. ಬಿಳಿ ತಲೆ ಎರಡು ಸಲ ಮುಳುಗಿತು. ಎರಡನೆಯ ಸಲ ಮೇಲೆ ಬರಲು ಎಷ್ಟು ಹೊತ್ತಾಯಿತು? ಹೊಲಿಗೆ ಪೂರಾ ಬಿಟ್ಟಿದ್ದರೆ? ನನ್ನೆದೆಯ ಕೆಳಗಿನ ಮಣ್ಣೂ ಜರಿದಿದ್ದರೆ? ಈಗಲೂ ಕಾಲೇಜಿನಲ್ಲಿ ಪಾಠ ಮಾಡುತ್ತ ನಡುವೆ ನಿಂತುಬಿಡುತ್ತೇನೆ. ಕಿವಿಯಲ್ಲಿ ಆ ಬಟ್ಟೆ ಹರಿಯುವ ಸದ್ದು.

ಹೊಂಡ ತುಂಬಿ ಸೆಳೆತ ತಗ್ಗಿದ ಮೇಲೆ ಕಾಕಾ ತೆವಳಿ ಮೇಲೆ ಬಂದರು. ಕೆಸರು ಉಗುಳಿ ಕೂಗಿದರು: "ಅಕ್ಕಾರ, ನೀರು ಇಳೀತೇನ್ರಿ?"

"ಇಳ್ಯಾಕತ್ತೈತ್ರಿ. ನಿಮ್ಮ ಮನಿ?"

ಕಾಕಾ ತಿರುಗಿ ನೋಡಿದರು. ನೀರು ಬಾಗಿಲು ದೂಡಿಕೊಂಡು ಒಳಗೆ ನುಗ್ಗುತ್ತಿತ್ತು.

"ಬೀಗರು ಬಂದಾರ್ರಿ. ಕರೀದ ಒಳಗ ಹೊಂಟಾರ."

ಅಕ್ಕಾರು ನಕ್ಕರೋ ಅತ್ತರೋ ಮಳೆಯಲ್ಲಿ ತಿಳಿಯಲಿಲ್ಲ. ನಾನಂತೂ ಕಾಕಾರ ಕಾಲರನ್ನು ಹಿಡಿದೇ ಇದ್ದೆ. ಬಿಡಬೇಕೆಂದರೂ ಬೆರಳುಗಳು ನನ್ನ ಮಾತು ಕೇಳಲಿಲ್ಲ. ಕಾಕಾ ಕೆಸರಿನಲ್ಲೇ ನನ್ನ ಪಕ್ಕ ಕುಳಿತು, ಮನೆಯ ಕಡೆ ನೋಡದೆ, ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸತೊಡಗಿದರು.

"ಬಿಡವಾ ಇನ್ನ," ಎಂದರು. "ನಾ ಮ್ಯಾಲೆ ಬಂದೇನಿ."