ಆರುನೂರಾ ಇಪ್ಪತ್ತು ಅಂಕಕ್ಕೆ ಮೂರು ಪುಟದ ಸಮಜಾಯಿಷಿ

ಮಕ್ಕಳು ಪರೀಕ್ಷೆ ಬರೆಯುವುದು ಒಂದು ಶನಿವಾರ ಬೆಳಿಗ್ಗೆ. ಅಪ್ಪಂದಿರು ಅದನ್ನು ವರ್ಷವಿಡೀ ಬರೆಯುತ್ತಿರುತ್ತಾರೆ. ಇದು ನಿಮಗೆ ಗೊತ್ತಿರಬೇಕಾದ ಸತ್ಯ. ಗೊತ್ತಿಲ್ಲವೆಂದರೆ ನೀವೂ ಆ ಅಪ್ಪಂದಿರಲ್ಲಿ ಒಬ್ಬರು!

ಅಮೆರಿಕದ ಟೊಲೀಡೊ ನಗರದ ವೆರ್ನನ್ ಕ್ರೌಸ್ ಅಂಥವರ ಚಕ್ರವರ್ತಿ. ಮನೆ ಕೊಳ್ಳುವವರ ಪರವಾಗಿ ಹೋಗಿ ಮನೆ ತಪಾಸಣೆ ಮಾಡುವುದು ಅವನ ಕಸುಬು. ಇಪ್ಪತ್ತೆರಡು ವರ್ಷ ಅವರಿವರ ನೆಲಮಾಳಿಗೆಗೆ ಟಾರ್ಚು ಬಿಟ್ಟೂ ಬಿಟ್ಟೂ, ಹೊಸ ಬಣ್ಣ ಕಂಡರೆ ಹಿಂದೆ ಬಿರುಕಿದೆ ಎಂದೂ, ಬಿರುಕು ಕಾಣದಿದ್ದರೆ ಇನ್ನೂ ದೊಡ್ಡ ಬಿರುಕಿದೆ ಎಂದೂ ನಂಬಿಕೊಂಡವನು. ಇಂಥವನ ಕೈಗೆ ಮಗಳು ಡೆಲಿಯಾಳ ಕಾಲೇಜು ಅರ್ಜಿಯ ಸೂಚನೆಗಳು ಸಿಕ್ಕವು.

ಡೆಲಿಯಾಗೆ ಬೇಕಿದ್ದದ್ದು ಒಂದೇ. ನಾನೂರೈವತ್ತು ಮೈಲಿ ಉತ್ತರಕ್ಕೆ, ದೊಡ್ಡ ಸರೋವರದ ದಂಡೆಯಲ್ಲಿರುವ ಕ್ಯಾಸ್ಟರ್ ಬೇ ಕಾಲೇಜಿಗೆ ಸೇರಿ ಮೀನುಗಳ ಬಗ್ಗೆ ಓದುವುದು. ಆ ಕಾಲೇಜು, "ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ಕಳಿಸುವುದು ಬಿಡುವುದು ನಿಮ್ಮ ಇಷ್ಟ" ಎಂದು ಬರೆದಿತ್ತು.

"ಇಷ್ಟವಂತೆ ಇಷ್ಟ!" ವೆರ್ನನ್ ಹೆಂಡತಿ ಮೌರೀನಳ ಮುಂದೆ ಕಾಗದ ಆಡಿಸಿದ. "ಕಳಿಸದಿದ್ರೆ ಹುಡುಗಿ ದಡ್ಡಿ ಅಂತ ಬರ್ಕೋತಾರೆ. ಇದು ಬೋನು ಕಣೇ, ಇಲಿಬೋನು! ನನ್ನನ್ನ ಏಮಾರಿಸೋ ಕಾಲೇಜು ಇನ್ನೂ ಹುಟ್ಟಿಲ್ಲ!"

"ಮಾರ್ಚ್‌ನಲ್ಲಿ ನಂಗೆ ಬಂದಿದ್ದು ಸಾವಿರದ ನೂರಾ ಎಂಬತ್ತು," ಎಂದಳು ಡೆಲಿಯಾ. "ಅಲ್ಲಿ ಸೇರೋರದ್ದು ಅದಕ್ಕಿಂತ ಜಾಸ್ತಿ ಇರುತ್ತೆ ಅಪ್ಪಾ. ನನ್ನ ಶಾಲೆ ಮಾರ್ಕ್ಸ್ ಚೆನ್ನಾಗಿದೆ, ಪ್ರಬಂಧನೂ ಚೆನ್ನಾಗಿದೆ. ಅಂಕ ಕಳಿಸಲ್ಲ, ಅಷ್ಟೇ."

"ಅಕ್ಟೋಬರ್‌ನಲ್ಲಿ ಇನ್ನೊಂದ್ಸಲ ಬರಿ."

"ಕಳಿಸದೇ ಇರೋ ಅಂಕಕ್ಕೆ ಯಾಕೆ ಬರೀಬೇಕು?"

"ಕಳಿಸೋದು ಬಿಡೋದು ಆಮೇಲೆ ನಾನು ನೋಡ್ಕೋತೀನಿ!"

ಈ ಊರಿನ ಅನುಕೂಲಸ್ಥರು ಮಕ್ಕಳನ್ನು ನಾಲ್ಕು ನಾಲ್ಕು ಸಲ ಪರೀಕ್ಷೆಗೆ ಕೂರಿಸುತ್ತಾರೆ. ಒಂದರಿಂದ ಗಣಿತ, ಇನ್ನೊಂದರಿಂದ ಇಂಗ್ಲಿಷ್ ಎಂದು ಒಳ್ಳೊಳ್ಳೆಯದನ್ನೇ ಹೆಕ್ಕಿ ಮದುವೆ ಊಟದಂತೆ ಬಡಿಸಿ ಕಳಿಸುತ್ತಾರೆ. ಅದಕ್ಕೆ ಪ್ರತಿಭೆ ಎಂದು ಹೆಸರು! ಶನಿವಾರ ದಿನಸಿ ಅಂಗಡಿಯಲ್ಲಿ ನಿಂತು ದುಡಿಯುವ ಡೆಲಿಯಾಳಂಥವಳಿಗೆ ಒಂದು ರಜೆ ಸಿಕ್ಕರೆ ಅದೇ ಪುಣ್ಯ. ಆ ರಜೆಯನ್ನೂ ಅಪ್ಪ ಕಿತ್ತುಕೊಂಡ.

ಹುಡುಗಿ ಹೋದಳು, ಬರೆದಳು, ಶಿಳ್ಳೆ ಹಾಕಿಕೊಂಡು ಬಂದಳು.

"ಹೇಗಿತ್ತು?"

"ತುಂಬಾ ಸುಲಭ!"

ಶಿಳ್ಳೆ! ವೆರ್ನನ್‌ಗೆ ಅನುಮಾನ ಹತ್ತಿತು. ಇವಳು ಖಂಡಿತ ಚೆನ್ನಾಗಿ ಬರೆದಿದ್ದಾಳೆ. ಹಟ ಸಾಧಿಸಲು ಆ ಅಂಕವನ್ನು ಬಚ್ಚಿಡುತ್ತಾಳೆ! ಮಾರನೇ ದಿನ, ಹಿಂದೆ ತಾನೇ ತೆರೆದುಕೊಟ್ಟಿದ್ದ ಅವಳ ಆನ್‌ಲೈನ್ ಪರೀಕ್ಷಾ ಖಾತೆಗೆ ನುಗ್ಗಿದ. ಪರೀಕ್ಷೆಯಾದ ಒಂಬತ್ತು ದಿನದೊಳಗೆ ಹೇಳಿದರೆ ನಾಲ್ಕು ಕಾಲೇಜುಗಳಿಗೆ ಅಂಕ ಉಚಿತವಾಗಿ ಹೋಗುತ್ತದೆ ಎಂದು ಅಲ್ಲಿತ್ತು. ಆದರೆ ಅಂಕ ಹೊರಬೀಳುವುದು ಅದಾದ ಮೇಲೆ. ಅಂದರೆ, ಎಷ್ಟು ಬಂದಿದೆ ಎಂದು ನೋಡದೆಯೇ ಕಳಿಸಬೇಕು. ಲೋಕದ ಗೋಡೆಯನ್ನೆಲ್ಲ ಬಡಿದು ನೋಡುವ ಈ ಮಹಾಶಯ 'ಉಚಿತ' ಎಂಬ ಒಂದು ಪದವನ್ನು ಮಾತ್ರ ಬಡಿದು ನೋಡಲಿಲ್ಲ! ಕ್ಯಾಸ್ಟರ್ ಬೇ ಎಂದು ಒತ್ತಿಯೇಬಿಟ್ಟ.

ಎರಡು ವಾರಕ್ಕೆ ಅಂಕ ಬಂತು. ರಾತ್ರಿ ಊಟದ ಮೇಜಿನಲ್ಲಿ ವೆರ್ನನ್ ಕಿರುಚಿದ.

"ಆರುನೂರಾ ಇಪ್ಪತ್ತಾ! ಸಾವಿರದ ಆರುನೂರಕ್ಕೆ!"

"ಎಲ್ಲಾ ಪ್ರಶ್ನೆಗೂ 'ಸಿ' ಒತ್ತಿ ಬಂದೆ," ಎಂದಳು ಡೆಲಿಯಾ ಆಲೂಗಡ್ಡೆ ಬಡಿಸಿಕೊಳ್ಳುತ್ತ. "ಕಳಿಸಲ್ಲ ಅಂದಿದ್ನಲ್ಲ. ನಿನ್ನ ಬಾಯಿ ಮುಚ್ಚಿಸೋಕೆ ಹೋಗಿದ್ದು." ಆಮೇಲೆ ಅವಳ ಕೈ ನಿಂತಿತು. "ಅಪ್ಪಾ, ನನ್ನ ಅಂಕ ನಿಂಗೆ ಹೇಗೆ ಗೊತ್ತಾಯ್ತು? ನನ್ನ ಖಾತೆಗೆ ಹೋಗಿದ್ಯಾ? ಎಲ್ಲಾದ್ರೂ ಕಳಿಸಿದ್ಯಾ?"

ಮೌರೀನ್ ಚಮಚ ಕೆಳಗಿಟ್ಟಳು. "ವೆರ್ನನ್, ಇಲ್ಲ ಅನ್ನು."

"ಅದು... ಉಚಿತ ಇತ್ತು."

ಡೆಲಿಯಾ ತಟ್ಟೆ ಬಿಟ್ಟು ಎದ್ದುಹೋದಳು. ಮರುದಿನ ವೆರ್ನನ್ ಕಾಲೇಜಿಗೆ ಫೋನು ಮಾಡಿದ. ಪ್ರವೇಶ ವಿಭಾಗದ ಶ್ರೀಮತಿ ಲಿಂಡ್ ಸಮಾಧಾನವಾಗಿಯೇ ಹೇಳಿದರು:

"ಅರ್ಜಿಯಲ್ಲಿ 'ನನ್ನ ಅಂಕ ಪರಿಗಣಿಸಬೇಡಿ' ಅಂತ ನಿಮ್ಮ ಮಗಳು ಗುರುತು ಹಾಕಿದ್ರೆ ಮುಗೀತು ಸಾರ್. ನಾವು ನೋಡಲ್ಲ."

"ನೋಡಲ್ಲ ಅಂದ್ರೆ? ಕಣ್ಣಿಗೂ ಬೀಳಲ್ವಾ?"

"ಬೀಳಲ್ಲ."

"ಸುಮ್ನೆ ಒಂದ್ಸಲ ಇಣುಕಿ?"

"ಇಲ್ಲ ಸಾರ್."

"ಬಾಯಿತಪ್ಪಿ ಯಾರಾದ್ರೂ..."

"ಸಾರ್, ನಮಗೆ ಬೇರೆ ಕೆಲಸ ಇದೆ!"

ಫೋನಿಟ್ಟ ವೆರ್ನನ್ ಹೆಂಡತಿಯ ಕಡೆ ತಿರುಗಿದ. "ಎಷ್ಟು ನಯವಾಗಿ ಮಾತಾಡಿದ್ಲು ನೋಡಿದ್ಯಾ? ಎಲ್ಲಾ ಹೊಸ ಬಣ್ಣ!"

ಅಂದೇ ಕೂತು ಮೂರು ಪುಟದ ಕಾಗದ ಬರೆದ. ತನ್ನ ಮಗಳು ದಡ್ಡಿಯಲ್ಲ. ಆರುನೂರಾ ಇಪ್ಪತ್ತು ಬಂದದ್ದು ಬುದ್ಧಿ ಸಾಲದೆ ಅಲ್ಲ, ಅಪ್ಪನ ಮೇಲಿನ ಸಿಟ್ಟಿಗೆ. ಅವಳಿಗೆ ತಿಳಿಯದಂತೆ ತಾನೇ ಅದನ್ನು ಕಳಿಸಿದ್ದು. ಈ ಕಾಗದವೂ ಅವಳಿಗೆ ತಿಳಿಯದು. ಯಾರೂ ನೋಡದಿದ್ದ ಅಂಕ ಹೀಗೆ ದೊಡ್ಡ ಅಕ್ಷರಗಳಲ್ಲಿ, ಅಡಿಗೆರೆ ಸಮೇತ, ಡೆಲಿಯಾಳ ಕಡತ ಸೇರಿತು.

ಡಿಸೆಂಬರ್‌ನಲ್ಲಿ ಉತ್ತರ ಬಂತು. "ನಿಮ್ಮ ತಂದೆಯವರ ಪತ್ರದ ಹಿನ್ನೆಲೆಯಲ್ಲಿ ಅರ್ಜಿಯ ನಿರ್ಧಾರವನ್ನು ಮಾರ್ಚ್‌ಗೆ ಮುಂದೂಡಲಾಗಿದೆ."

"ಅವರು ಕಣ್ಣು ಮುಚ್ಕೊಂಡು ಕೂತಿದ್ರು ಕಣಯ್ಯಾ," ಎಂದಳು ಮೌರೀನ್. "ನೀನು ಹೋಗಿ ರೆಪ್ಪೆ ಎತ್ತಿ ತೋರಿಸಿ ಬಂದೆ!"

ಡೆಲಿಯಾ ಮೂರು ತಿಂಗಳು ಅಪ್ಪನ ಪಕ್ಕದಲ್ಲಿರುವ ಉಪ್ಪು ಬೇಕಾದರೂ ಅಮ್ಮನನ್ನೇ ಕೇಳಿದಳು. ಜೊತೆಯವರೆಲ್ಲ ತಮ್ಮ ಕಾಲೇಜಿನ ಹೆಸರಿನ ಅಂಗಿ ತೊಟ್ಟು ಓಡಾಡುವಾಗ ಇವಳು ದಿನಾ ಟಪಾಲು ಪೆಟ್ಟಿಗೆ ತೆರೆದು ಮುಚ್ಚಿದಳು. ವೆರ್ನನ್ ಕಿಟಕಿಯಲ್ಲಿ ನಿಂತು ನೋಡಿದ. ಅವನಿಗೆ ಮೊದಲ ಬಾರಿ ತನ್ನ ಮೇಲೆಯೇ ಅನುಮಾನ ಬಂತು.

ಮಾರ್ಚ್‌ನಲ್ಲಿ ದಪ್ಪ ಲಕೋಟೆ ಬಂತು. ಸೀಟು ಸಿಕ್ಕಿತ್ತು! ಕೆಳಗೆ ಶ್ರೀಮತಿ ಲಿಂಡ್ ಕೈಯಾರೆ ಎರಡು ಸಾಲು ಬರೆದಿದ್ದರು. ಡೆಲಿಯಾ ಅದನ್ನು ಅಪ್ಪನೆದುರು ನಿಂತು, ಅಕ್ಷರ ಬಿಡದೆ ಓದಿದಳು:

"ಮನೆಯಿಂದ ಇಷ್ಟು ದೂರ ಬಂದು ಏಕೆ ಓದಬೇಕು ಎಂಬ ನಮ್ಮ ಪ್ರಶ್ನೆಗೆ ನೀನು ಪ್ರಬಂಧದಲ್ಲಿ ಬರೆದ ಉತ್ತರ ನಮಗೆ ಸರಿಯಾಗಿ ಅರ್ಥವಾಗಿರಲಿಲ್ಲ. ನಿನ್ನ ತಂದೆಯ ಪತ್ರ ಓದಿದ ಮೇಲೆ ಪೂರ್ತಿ ಅರ್ಥವಾಯಿತು."



ನಗಬೇಡಿ. ಎದ್ದು ನಿಮ್ಮ ಮನೆಯ ಹುಡುಗಿಯ ಹತ್ತಿರ ಹೋಗಿ. ನಿನಗೇನು ಬೇಕು ಎಂದು ಒಂದು ಸಲ ಕೇಳಿ. ಅವಳು ಹೇಳಿದ ಮೇಲೆ ಎರಡನೇ ಪ್ರಶ್ನೆ ಕೇಳಬೇಡಿ!