ಹದ್ದಿನ ವಂಶದವನಿಗೆ ಕನ್ನಡಕ

ಇಪ್ಪತ್ತು ವರ್ಷದಿಂದ ನರಿನ್‌ನಿಂದ ಕೋಚ್ಕೋರ್‌ಗೆ ಘಟ್ಟ ಹತ್ತಿ ಇಳಿದು ಬಾಡಿಗೆ ವ್ಯಾನು ಓಡಿಸುತ್ತಿದ್ದೇನೆ. ಆದರೂ ನಾನು ನೆಟ್ಟಗಿದ್ದೇನೆಯೇ ಎಂಬ ಬಗ್ಗೆ ನಮ್ಮ ಘನ ಸರ್ಕಾರಕ್ಕೆ ಅನುಮಾನ. ಲೈಸೆನ್ಸ್ ಹೊಸದಾಗಬೇಕಾದರೆ ಹೃದಯ ನೋಡುವವರು, ಕಿವಿ ನೋಡುವವರು, ತಲೆ ಸರಿಯಿದೆಯೇ ಎಂದು ನೋಡುವವರು, ಬಾಯಿ ಮೂಸುವವರು, ಇಷ್ಟೂ ಡಾಕ್ಟರುಗಳು 'ಇವನು ಗಾಡಿ ಓಡಿಸಲು ಯೋಗ್ಯ' ಎಂದು ಸಹಿ ಹಾಕಬೇಕು. (ಘಟ್ಟದ ರಸ್ತೆ ಯೋಗ್ಯವೇ ಎಂದು ಸಹಿ ಹಾಕುವ ಡಾಕ್ಟರು ಇನ್ನೂ ಹುಟ್ಟಿಲ್ಲ.)

ಉಳಿದವರಿಗೆಲ್ಲ ನಾನು ಹೆದರುವವನಲ್ಲ. ಕಣ್ಣಿನ ಡಾಕ್ಟರದ್ದೇ ತೊಡಕು.

"ರೀ, ಸುಮ್ನೆ ಒಂದು ಕನ್ನಡಕ ಮಾಡಿಸ್ಕೊಳ್ಳಿ," ಎಂದಳು ಹೆಂಡತಿ ಸೊನುನ್, ರೊಟ್ಟಿಗೆ ಹಿಟ್ಟು ನಾದುತ್ತ.

"ಲೇ, ನಮ್ಮ ವಂಶ ಎಂಥದ್ದು ಗೊತ್ತೇನೆ? ನಮ್ಮಜ್ಜ ಹದ್ದು ಸಾಕಿ ಬೇಟೆ ಆಡ್ತಿದ್ದವನು. ಬೆಟ್ಟದ ತುದೀಲಿ ನಿಂತು ಕೆಳಗಿರೋ ಮೊಲದ ಮೀಸೆ ಎಣಿಸ್ತಿದ್ದ!"

"ಅಜ್ಜ ಎಣಿಸಿರಬಹುದು. ಮೊಮ್ಮಗ ಮೊನ್ನೆ ತಪ್ಪಿಸ್ಕೊಂಡ ಕುರಿ ಅಂತ ಹೊಡ್ಕೊಂಡು ಬಂದು ದೊಡ್ಡೀಲಿ ಕೂಡಿದ್ರಲ್ಲ, ಅದು ಸಂಜೇವರೆಗೂ ಬೊಗಳ್ತಿತ್ತು."

ಇಂಥ ಚಿಲ್ಲರೆ ಮಾತು ಹಾಗಿರಲಿ. ಆದರೆ ಫೇಲಾದರೆ ವ್ಯಾನು ಅವಳ ತಮ್ಮ ಎರ್ಮೆಕ್‌ನ ಪಾಲು. 'ಭಾವ ಇನ್ನು ರೆಸ್ಟ್ ತಗೊಳ್ಲಿ' ಎಂದು ಆ ಮಹಾನುಭಾವ ಆಗಲೇ ನನ್ನ ಸೀಟಿಗೆ ಕವರ್ ಹೊಲಿಸಲು ಅಳತೆ ತೆಗೆದುಕೊಂಡು ಹೋಗಿದ್ದ. ನನ್ನ ಸಂಸ್ಕಾರ ಅವನಿಗೆಲ್ಲಿಂದ ಬರಬೇಕು? ಘಟ್ಟದ ಬುಡದ ತಿರುವಿನಲ್ಲಿ ಕರಿ ಅಂಚಿನ ಬಿಳಿ ಟೋಪಿಯ ಹಿರಿಯರೊಬ್ಬರು ದಿನಾ ನಿಂತಿರುತ್ತಾರೆ. ಒಂದು ದಿನವೂ ತಪ್ಪದೆ ಹಾರ್ನ್ ಹೊಡೆದು, ಎದೆಯ ಮೇಲೆ ಕೈಯಿಟ್ಟು ಅವರಿಗೆ ಸಲಾಂ ಹೇಳುತ್ತೇನೆ. (ಅವರು ತಿರುಗಿ ಹೇಳುವುದಿಲ್ಲ. ದೊಡ್ಡವರ ಬಿಗುಮಾನ!) ನನ್ನನ್ನು ನೋಡಿ ಪ್ರಯಾಣಿಕರೂ ಎದೆ ಮುಟ್ಟಿಕೊಳ್ಳುತ್ತಾರೆ. ನಿಲ್ದಾಣದಲ್ಲಿ ನನ್ನ ವ್ಯಾನು ಎಲ್ಲರದ್ದಕ್ಕಿಂತ ಮೊದಲು ತುಂಬುವುದು ಅದಕ್ಕೇ.

ಹಾಗಾಗಿ ಒಂದು ದಿವ್ಯ ಉಪಾಯ ಹೂಡಿದೆ. ನಮ್ಮಲ್ಲಿ ಯಾವ ಆಸ್ಪತ್ರೆಗೆ ಹೋದರೂ ಕಣ್ಣಿನ ಡಾಕ್ಟರ ಗೋಡೆಯ ಮೇಲೆ ಅಪ್ಪನ ಕಾಲದಿಂದಲೂ ಅದೇ ಅಕ್ಷರ, ಅದೇ ಪಟ. ಬಾಯಿಪಾಠ ಮಾಡಿದರಾಯಿತು! ಬೆಳಗೆದ್ದು ಕಣ್ಣು ಮುಚ್ಚಿ ಶುರು ಹಚ್ಚಿದೆ: "ಶ, ಬ... ಮ, ನ, ಕ..." ನಮ್ಮತ್ತೆ ಬಾಗಿಲಲ್ಲಿ ನಿಂತು ಕೇಳಿ, "ಅಂತೂ ಅಳಿಯಂದ್ರು ದೇವರ ದಾರಿಗೆ ಬಂದ್ರಪ್ಪ," ಎಂದು ಅಂಗೈಯಿಂದ ಮುಖ ಸವರಿಕೊಂಡು, ಪ್ರಾರ್ಥನೆ ಮುಗಿದಂತೆ "ಓಮಿನ್" ಅಂದುಬಿಟ್ಟರು.

ಪರೀಕ್ಷೆಯ ದಿನ ಸೊನುನ್ ಬೆನ್ನಿಗೇ ಬಂದಳು. ಹೃದಯ ಪಾಸು, ಕಿವಿ ಪಾಸು. ಕಣ್ಣಿನ ಕೋಣೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. "ಒಂದು ಕಣ್ಣು ಮುಚ್ಚಿ ಓದಿ ಅಣ್ಣ," ಎಂದರು. ಎದುರಿಗೆ ಗೋಡೆಯ ಮೇಲೆ ಬೆಳ್ಳಗೆ ಕಂಡಿತು. ಇನ್ನೇನು ಬೇಕು? ಕೋಲಿನಿಂದ ಅಕ್ಷರ ತೋರಿಸುವವರೆಗೂ ಕಾಯದೆ, ಮೇಲಿನಿಂದ ಕೆಳಗಿನ ಇರುವೆ ಅಕ್ಷರದ ಸಾಲಿನವರೆಗೆ ಒಂದೇ ಉಸಿರಿಗೆ ಗಡಗಡ ಒಪ್ಪಿಸಿದೆ.

"ಭೇಷ್!" ಎಂದರು ಡಾಕ್ಟರಮ್ಮ. "ಕೊನೇ ಸಾಲು ನನಗೇ ಕಾಣಲ್ಲ. ಆದ್ರೆ ಪಟ ಈ ಪಕ್ಕದ ಗೋಡೇಲಿದೆ ಅಣ್ಣ. ನೀವು ಓದಿದ್ದು ಗೂಟಕ್ಕೆ ನೇತುಹಾಕಿರೋ ನನ್ನ ಬಿಳಿ ಕೋಟು."

"ಎಂಥಾ ಕಣ್ಣು ನೋಡಿ ಡಾಕ್ಟ್ರೇ," ಎಂದಳು ನನ್ನ ಸಹಧರ್ಮಿಣಿ, "ಗುಂಡಿಯಲ್ಲೂ ಅಕ್ಷರ ಕಂಡುಹಿಡಿದ್ರು!"

ಅವಮಾನದಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. 'ಕನ್ನಡಕ ಧರಿಸಿದರೆ ಮಾತ್ರ ಯೋಗ್ಯ' ಎಂದು ಬರೆದು ಮುದ್ರೆ ಒತ್ತಿದರು. ಹೋಗಲಿ, ಸೀಟು ಉಳಿಯಿತಲ್ಲ!

ಮರುದಿನ ದಪ್ಪ ಕನ್ನಡಕ ಏರಿಸಿ ಹೊರಟೆ. ಪಕ್ಕದಲ್ಲಿ ಸೊನುನ್, ಹಿಂದೆ ಅತ್ತೆ ಮತ್ತು ಗಾಡಿ ತುಂಬ ಜನ. ತಿರುವು ಬಂತು. ಹಾರ್ನಿನ ಮೇಲಿಟ್ಟ ಕೈ ಅಲ್ಲೇ ನಿಂತಿತು.

ಹಿರಿಯರೂ ಇಲ್ಲ, ಟೋಪಿಯೂ ಇಲ್ಲ. ಸುಣ್ಣ ಬಳಿದು ಕರಿ ಪಟ್ಟೆ ಎಳೆದ ಮೈಲಿಗಲ್ಲು! ಅದರ ಕೊರಳಿಗೆ ಯಾರೋ ಹರಕೆಯ ಬಟ್ಟೆಚೂರುಗಳನ್ನು ಬೇರೆ ಕಟ್ಟಿದ್ದರು. ತೆಪ್ಪಗೆ ಮುಂದೆ ಹೋದೆ.

"ನಿಲ್ಸಿ, ನಿಲ್ಸಿ!" ಹಿಂದಿನಿಂದ ಗದ್ದಲ. "ಸಂತರಿಗೆ ಸಲಾಂ ಮಾಡ್ದೆ ಘಟ್ಟ ಹತ್ತೋದಾ?"

"ಯಾವ ಸಂತರು?"

"ಆ ಕಲ್ಲಿನ ಕೆಳಗೆ ಸಮಾಧಿಯಾಗಿರೋರು! ನಮಗೆ ತೋರಿಸಿಕೊಟ್ಟಿದ್ದೇ ನೀವಲ್ವಾ ಅಣ್ಣ? ಸಲಾಂ ಇಲ್ಲ ಅಂದ್ರೆ ನಾವು ಇಲ್ಲೇ ಇಳೀತೀವಿ."

"ಬಾಯಿ ಮುಚ್ಕೊಂಡು ಹಿಂದಕ್ಕೆ ತಗೊಳ್ಳಿ," ಎಂದು ಸೊನುನ್ ಪಿಸುಗುಟ್ಟಿದಳು. ನಗು ತಡೆದುಕೊಂಡು ಅವಳ ಮುಖ ಕೆಂಪಾಗಿತ್ತು. "ಇವರೆಲ್ಲ ಇಳಿದ್ರೆ ನಾಳೆಯಿಂದ ಎರ್ಮೆಕ್ ಸಲಾಂ ಮಾಡ್ತಾನೆ."

ಹಿಂದಕ್ಕೆ ತಂದೆ. ಹಾರ್ನ್ ಹೊಡೆದೆ. ಕನ್ನಡಕದಲ್ಲಿ ಕಲ್ಲಿನ ಒಂದೊಂದು ಬಿರುಕೂ ಸ್ಪಷ್ಟವಾಗಿ ಕಾಣುತ್ತಿರುವಾಗ, ಎದೆಯ ಮೇಲೆ ಕೈಯಿಟ್ಟು, "ಅಸ್ಸಲಾಮು ಅಲೈಕುಂ, ಹಿರಿಯರೇ," ಎಂದೆ.

ಹಿಂದಿನ ಸೀಟಿನಲ್ಲಿ ಅತ್ತೆ ಪಕ್ಕದವರಿಗೆ ಹೇಳುತ್ತಿದ್ದರು: "ಪಾಪ, ಮೊದಲು ಚೆನ್ನಾಗೇ ಇತ್ತು ಕಣಮ್ಮ. ಈ ಹಾಳು ಕನ್ನಡಕ ಹಾಕಿದ ಮೇಲೆ ನಮ್ಮ ಅಳಿಯಂದ್ರಿಗೆ ಕಣ್ಣೇ ಕಾಣ್ತಿಲ್ಲ."