ಪ್ರವಾಹದ ವೇಗ, ಕುಲ್ಯಾಶಕ್ಕನ ಹಿಟ್ಟು

"ಒಂಚೂರು ನಿಧಾನ ಮಾಡು" ಎಂದು ಸಗಿಂತಾಯ್ ಹೇಳಿದ್ದೇ ಎಲ್ಲ ಅನಾಹುತಕ್ಕೂ ಮೂಲ.

ಅಲ್ಮಾಟಿ ನಗರದ ಒಂದು ನೆಲಮಾಳಿಗೆ ಸ್ಟುಡಿಯೋದಲ್ಲಿ ಸಿನಿಮಾಗಳಿಗೆ ಬೇಕಾದ ನೀರನ್ನೆಲ್ಲ ಕಂಪ್ಯೂಟರಿನಲ್ಲಿ ಹರಿಸುವವನು ಎರ್ಮೆಕ್. ಬೆಟ್ಟದ ಮೇಲಿನ ಕೆರೆ ಒಡೆದು ಹಳ್ಳಿಗೆ ನುಗ್ಗುವ ದೃಶ್ಯವನ್ನು ವಾರವಿಡೀ ಕೂತು ಮಾಡಿದ್ದ. ನಿರ್ದೇಶಕ ಸಗಿಂತಾಯ್ ಬೆಳಿಗ್ಗೆ ಬಂದು ನೋಡಿದವನೇ ಮುಖ ಕಿವುಚಿದ.

"ಯಾರೋ ಬಕೆಟ್ ಮಗುಚಿ ಹಾಕಿದಂಗಿದೆ. ದೊಡ್ಡ ನೀರು ಇಷ್ಟು ಅವಸರ ಪಡಲ್ಲ ಕಣೋ. ಒಂಚೂರು ನಿಧಾನ ಮಾಡು, ಅರ್ಧ ವೇಗಕ್ಕೆ ಇಳ್ಸು. ಆದ್ರೆ ಎಳೀಬೇಡ."

ಎಳೆಯುವುದೆಂದರೆ ಆಗಲೇ ತಯಾರಾದ ಚಿತ್ರಗಳನ್ನು ಹಿಗ್ಗಿಸಿ, ನಡುವಿನ ಖಾಲಿ ಜಾಗಕ್ಕೆ ಸುಳ್ಳು ಚಿತ್ರ ತುಂಬುವುದು. ಒಂದು ಗುಂಡಿ ಒತ್ತುವಷ್ಟೇ ಕೆಲಸ. ನ್ಯಾಯವಾಗಿ ಮಾಡುವುದಾದರೆ ಕಂಪ್ಯೂಟರುಗಳು ಹನಿ ಹನಿಯನ್ನೂ ಲೆಕ್ಕ ಹಾಕಿ ಇಡೀ ಪ್ರವಾಹವನ್ನು ಮೊದಲಿನಿಂದ ಮತ್ತೆ ಹರಿಸಬೇಕು. ಮುಗಿಯುವಾಗ ಮರುದಿನ ಮಧ್ಯಾಹ್ನವಾದರೂ ಆಗುತ್ತದೆ. ಹೋದ ವರ್ಷ ಒಬ್ಬ ನದಿಯೊಂದನ್ನು ಎಳೆದು ಸಿಕ್ಕಿಬಿದ್ದಿದ್ದ. ಸಗಿಂತಾಯ್ ಅವನನ್ನು ಅವತ್ತೇ ಮನೆಗೆ ಕಳಿಸಿದ. ಆಮೇಲೆ ಊರಿನ ಯಾವ ಸ್ಟುಡಿಯೋವೂ ಅವನನ್ನು ಒಳಗೆ ಬಿಟ್ಟಿಲ್ಲ.

ಇತ್ತ ಎರ್ಮೆಕನಿಗೆ ರಾತ್ರಿ ಒಂಬತ್ತಕ್ಕೆ ತರಾಜ್ ಊರಿಗೆ ರೈಲು. ಮರುದಿನ ಅಲ್ಲಿ ಅವನ ಅಮ್ಮ ಹುಡುಗಿಯ ಕಿವಿಗೆ ಓಲೆ ಹಾಕಿ ಸಂಬಂಧ ಗಟ್ಟಿ ಮಾಡಬೇಕು. ಓಲೆ ಇದ್ದದ್ದು ಅವನ ಜೇಬಿನಲ್ಲಿ. ಇವನ ಕೆಲಸದ ದೆಸೆಯಿಂದ ಒಮ್ಮೆ ದಿನ ಮುಂದೆ ಹೋಗಿ ಹುಡುಗಿಯ ಕಡೆಯವರು ಮುಖ ಊದಿಸಿಕೊಂಡಿದ್ದರು. ಇನ್ನೊಮ್ಮೆ ತಪ್ಪಿದರೆ ಸಂಬಂಧ ಮುರಿದಂತೆಯೇ.

"ಪೂರ್ತಿ ಹೊಸದಾಗಿ ಹರಿಸ್ತೀನಿ ಅಗಾ. ಸಂಜೆ ಆರಕ್ಕೆ ಕೊಡ್ತೀನಿ" ಎಂದ ಎರ್ಮೆಕ್. ಹಿರಿಯರನ್ನು ಅಲ್ಲಿ ಅಣ್ಣ ಎನ್ನುವಂತೆ ಅಗಾ ಎನ್ನುತ್ತಾರೆ.

"ಆರಕ್ಕಾ? ಒಂದು ದಿನದ ಮೇಲೇ ಬೇಕಲ್ವೇನೋ?"

"ಹೊಸ ಉಪಾಯ ಒಂದು ಹೊಳೆದಿದೆ. ಒಂಬತ್ತು ಗಂಟೇಲಿ ಮುಗಿಯುತ್ತೆ."

ಸಗಿಂತಾಯ್ ಸಂತೆಯಲ್ಲಿ ಕುದುರೆಯ ಹಲ್ಲು ನೋಡುವವನಂತೆ ಅವನ ಮುಖ ನೋಡಿ ಹೋದ. ಎರ್ಮೆಕ್ ಒಂದು ಬಟ್ಟಲು ಚಹಾ ಕುಡಿಯುವಷ್ಟರಲ್ಲಿ ಪ್ರವಾಹವನ್ನು ಎಳೆದು, ಬಚ್ಚಿಟ್ಟು, ಸಂಜೆಯಾಗಲೆಂದು ಕಾಯುತ್ತ ಕೂತ.

ಸಂಕಟ ಬಂದದ್ದು ಹಿಟ್ಟಿನ ರೂಪದಲ್ಲಿ. ಅಕ್ಟೋಬರ್ ಮೊದಲ ವಾರ. ಚಳಿಗಾಲದಲ್ಲಿ ಕಟ್ಟಡಗಳನ್ನು ಬೆಚ್ಚಗಿಡುವ ಊರಿನ ಬಿಸಿನೀರಿನ ಕೊಳವೆಗಳಿಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಸ್ಟುಡಿಯೋದಲ್ಲಿ ಬೆಚ್ಚಗಿರುವುದು ಕಂಪ್ಯೂಟರುಗಳ ಕೋಣೆಯೊಂದೇ, ಅದೂ ಸಿನಿಮಾದ ನೀರು ಹರಿಸಿ ಹರಿಸಿ ಅವು ಕಾಯುವ ದಿನ ಮಾತ್ರ. ಅಂಥ ದಿನ ಲೆಕ್ಕಪತ್ರದ ಕುಲ್ಯಾಶಕ್ಕ ಬೌರ್ಸಾಕ್ ಎಂಬ ಉಬ್ಬಿದ ಬೋಂಡಾ ಕರಿಯಲು ಕಲಸಿದ ಹಿಟ್ಟನ್ನು ಅಲ್ಲಿ ಉಬ್ಬಲು ಇಡುತ್ತಿದ್ದಳು. ಹನ್ನೊಂದು ಗಂಟೆಗೆ ಬೋಗುಣಿ ಹಿಡಿದು ಎರ್ಮೆಕನ ಎದುರು ನಿಂತಳು.

"ಏನಪ್ಪಾ, ಪ್ರವಾಹ ಹರೀತಿದೆ ಅಂದ್ಯಂತೆ. ನನ್ನ ಹಿಟ್ಟು ಯಾಕೆ ಹೆಣದಂಗೆ ತಣ್ಣಗೆ ಬಿದ್ದಿದೆ?"

"ಶುರುವಿನಲ್ಲಿ ನೀರು ಕಮ್ಮಿ ಅಕ್ಕಾ. ಬಿಸಿಯಾಗೋಕೆ ಹೊತ್ತಾಗುತ್ತೆ."

"ಇಷ್ಟು ವರ್ಷದಲ್ಲಿ ನನ್ನ ಹಿಟ್ಟು ಒಂದ್ಸಲನೂ ಸುಳ್ಳು ಹೇಳಿಲ್ಲ. ತಾಳು, ಸಗಿಂತಾಯ್‌ನೇ ಕೇಳ್ತೀನಿ."

ಎರ್ಮೆಕ್ ಎದ್ದು ಓಡಿದ. ಹಳೆಯ ಜಾಹೀರಾತಿಗೆಂದು ಮಾಡಿದ್ದ, ಬಟ್ಟಲಿಗೆ ಕುದುರೆ ಹಾಲು ಸುರಿಯುವ ದೃಶ್ಯವನ್ನು ಹುಡುಕಿ ಎಲ್ಲ ಕಂಪ್ಯೂಟರುಗಳ ತಲೆಗೂ ಕಟ್ಟಿದ. ಫ್ಯಾನುಗಳು ಗುರ್ರೆಂದವು. ಅರ್ಧ ಗಂಟೆಗೆ ಬಾಗಿಲು ತೆರೆಯಿತು. ಮುಂದೆ ಬೋಗುಣಿ, ಹಿಂದೆ ಸಗಿಂತಾಯ್.

"ಪ್ರವಾಹ ಯಾಕೋ ಬೆಳ್ಳಗಿದೆ?" ಎಂದ ಸಗಿಂತಾಯ್, ಪರದೆ ನೋಡಿ.

"ನೊರೆ ಅಗಾ. ಬಣ್ಣ ಕೊನೇಲಿ."

"ಆ ಬಟ್ಟಲು?"

"ಅದು ಕಣಿವೆ. ಮೇಲಿಂದ ಹಂಗೇ ಕಾಣೋದು."

ಕುಲ್ಯಾಶಕ್ಕ ಬೋಗುಣಿಯನ್ನು ಕಾದ ಕಂಪ್ಯೂಟರಿನ ಮೇಲಿಟ್ಟು, ಸ್ವಲ್ಪ ಹೊತ್ತು ಕಾದು, ಹಿಟ್ಟಿಗೆ ಬೆರಳು ಒತ್ತಿ ನೋಡಿದಳು. "ಉಬ್ಬೋದೇನೋ ಉಬ್ತಿದೆ" ಎಂದಳು, ಅರೆ ನಂಬಿಕೆಯ ದನಿಯಲ್ಲಿ. ಆ ಕ್ಷಣಕ್ಕೆ ಎರ್ಮೆಕನ ಮಾನ ಉಳಿಯಿತು. ಆದರೂ ಸಂಜೆಯವರೆಗೆ ಅವಳು ಚಹಾ ಕೊಡುವ ನೆಪದಲ್ಲಿ ಹತ್ತಾರು ಸಲ ಬಂದು ಇಣುಕಿದಳು.

ಆರಕ್ಕೆ ದೊಡ್ಡ ಪರದೆಯ ಮೇಲೆ ಪ್ರವಾಹ ಬಿಟ್ಟರು. ಸಗಿಂತಾಯ್ ಮತ್ತೆ ಮತ್ತೆ ಹಾಕಿಸಿ ನೋಡಿದ. ಆಮೇಲೆ ಎದ್ದುಹೋಗಿ ಪರದೆಗೆ ಮೂಗು ತಾಗಿಸಿ ನೋಡಿದ. ಎರ್ಮೆಕ್ ಜೇಬಿನೊಳಗೆ ಓಲೆಯ ಡಬ್ಬಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ಇದು ನೋಡು ನೀರು ಅಂದ್ರೆ" ಎಂದ ಸಗಿಂತಾಯ್. "ಎಳೆದಿದ್ರೆ ನಂಗೆ ತಕ್ಷಣ ಗೊತ್ತಾಗೋದು. ಇದ್ರಲ್ಲಿ ಹನಿ ಹನೀಲೂ ಪ್ರಾಮಾಣಿಕತೆ ಇದೆ."

ಎರ್ಮೆಕನಿಗೆ ಹೋದ ಜೀವ ಬಂದಂತಾಯಿತು. ಚೀಲಕ್ಕೆ ಕೈ ಹಾಕಿದ.

"ಆದ್ರೆ ನಿಧಾನ ಒಂಚೂರು ಜಾಸ್ತಿ ಆಯ್ತು. ಬೆಳಗ್ಗೇದಕ್ಕೂ ಇದಕ್ಕೂ ನಡುವೆ ಇರ್ಲಿ."

"ಅಷ್ಟೇ ತಾನೆ ಅಗಾ, ಈಗಲೇ..." ಎಂದವನು ನಾಲಿಗೆ ಕಚ್ಚಿಕೊಂಡ.

"ಈಗಲೇ ಹೆಂಗೆ? ವೇಗ ಬದಲಾದ್ರೆ ಮತ್ತೆ ಮೊದಲಿಂದ ಹರಿಸ್ಬೇಕು. ನಿನ್ನ ಉಪಾಯಕ್ಕೆ ಒಂಬತ್ತು ಗಂಟೆ, ಬೆಳಗಿನ ಜಾವಕ್ಕೆ ಮುಗಿಯುತ್ತೆ. ನಿರ್ಮಾಪಕರು ಬೆಳಿಗ್ಗೆ ನೋಡೋಕೆ ಬರ್ತಿದ್ದಾರೆ."

"ಅಗಾ, ನಂಗೆ ರಾತ್ರಿ ರೈಲು..."

"ಗೊತ್ತು, ಕುಲ್ಯಾಶ್ ಹೇಳಿದ್ಲು." ಸಗಿಂತಾಯ್ ಕೋಟು ಬಿಚ್ಚಿ, ಕುರ್ಚಿ ಎಳೆದುಕೊಂಡು ಎರ್ಮೆಕನ ಪಕ್ಕದಲ್ಲೇ ಕೂತ. "ರೈಲು ಹಿಡಿಯೋ ಆತುರದಲ್ಲಿರೋನೇ ಎಳೆದುಬಿಡೋದು. ಅದಕ್ಕೇ ನಾನೂ ಇಲ್ಲೇ ಕೂತಿರ್ತೀನಿ. ಶುರು ಮಾಡು, ಆ ಉಪಾಯ ಏನು ಅಂತ ನಾನೂ ನೋಡ್ತೀನಿ."

"ಒಳ್ಳೇದೇ ಆಯ್ತು" ಎಂದಳು ಕುಲ್ಯಾಶಕ್ಕ. "ಇನ್ನೊಂದು ಬೋಗುಣಿ ಕಲಸಿಟ್ಟು ಹೋಗ್ತೀನಿ."

ಒಂಬತ್ತಕ್ಕೆ ಫೋನು ಬಂತು. ಪಕ್ಕದ ಕೋಣೆಯಲ್ಲಿ ಫ್ಯಾನುಗಳು ಅಬ್ಬರಿಸುತ್ತಿದ್ದವು. ಪರದೆಯ ಮೇಲೆ ಕೆರೆಯ ಏರಿ ಇನ್ನೂ ಒಡೆದಿರಲಿಲ್ಲ.

"ಹತ್ತಿದ್ಯೇನೋ ಮಗಾ?" ಎಂದಳು ಅಮ್ಮ. "ಹಿಂದೆ ಏನೋ ಭರ್ರೋ ಅಂತಿದೆ. ರೈಲು ಹೊರಟಿತಾ?"

ಎರ್ಮೆಕ್ ಪಕ್ಕದಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದ ಸಗಿಂತಾಯ್‌ನನ್ನು ನೋಡಿದ.

"ಹೊರಟಿದೆ ಅಮ್ಮಾ" ಎಂದ. "ಆದ್ರೆ ಬಹಳ ನಿಧಾನದ ಗಾಡಿ."